ಋತುಸಂಧಿಯೂ ಆತ್ಮಶೋಧನೆಯೂ

ಕಾಲವು ಅಖಂಡವೆಂದು ದಾರ್ಶನಿಕರು ಹೇಳುವರು. ಆದರೆ ಅಖಂಡವಾದುದರಲ್ಲಿ ಮನುಷ್ಯನಿಗೆ ಕಾಲೂರಲು ಎಡೆಯಿಲ್ಲ. ಎಲ್ಲಿಯಾದರೂ ಒಂದು ಸಂದು ಕಂಡರೆ ಅಲ್ಲಿ ಅವನು ನಿಂತು, ಹಿಂದಿರುಗಿ ನೋಡಿ, ಮುಂದಣ ಹೆಜ್ಜೆಯನ್ನಿಡುವನು. ಸಂಸ್ಕೃತದ ‘ಪರ್ವ’ ಶಬ್ದದ ಮೊದಲ ಅರ್ಥವೇ ಗೆಣ್ಣು ಎಂದು. ಬೆರಳಿನ ಗೆಣ್ಣೂ ಪರ್ವ, ಕಬ್ಬಿನ ಗೆಣ್ಣೂ ಪರ್ವ, ಪಕ್ಷಗಳು ಕೂಡುವ ಅಮಾವಾಸ್ಯೆ ಹುಣ್ಣಿಮೆಗಳೂ ಪರ್ವ. ಇದೇ ಶಬ್ದವು ‘ಪಬ್ಬ’ವಾಗಿ ಹಳಗನ್ನಡಕ್ಕೆ ಬಂದು, ಮುಂದೆ ಪಕಾರವು ಹಕಾರವಾಗಿ ‘ಹಬ್ಬ’ವೆನಿಸಿತು. ಕಬ್ಬನ್ನು ನೆಡುವ ಒಕ್ಕಲಿಗನು ಗೆಣ್ಣಿಲ್ಲದ ತುಂಡನ್ನು ನೆಡುವುದಿಲ್ಲ. ಹೊಸ ಮೊಳಕೆಯು ಗೆಣ್ಣಿನಲ್ಲಿರುವ ಕಣ್ಣಿನಿಂದಲ್ಲದೆ ಬೇರೆಡೆಯಿಂದ ಹೊರಡದೆಂಬುದನ್ನು ಅವನು ಬಲ್ಲನು. ವರ್ಷವೆಂಬ ಕೋಲಿನಲ್ಲಿಯೂ ಇಂತಹ ಗೆಣ್ಣುಗಳುಂಟು, ಅವೇ ಋತುಸಂಧಿಗಳು. ಈ ಸಂಧಿಗಳಲ್ಲಿ ಭಾರತೀಯರು ತಮ್ಮ ಬಾಳನ್ನು ಹೊಸದು ಮಾಡಿಕೊಳ್ಳಲು ಏನೇನು ಏರ್ಪಾಡುಗಳನ್ನು ಮಾಡಿಕೊಂಡಿದ್ದರು, ಆ ಏರ್ಪಾಡುಗಳಲ್ಲಿ ಯಾವುದು ಸಾರ, ಯಾವುದು ಬರಿಯ ಹೊದಿಕೆ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಆಯುಸ್ಸನ್ನೆಣಿಸುವ ಮಾತುಗಳೇ ಋತುಗಳಿಂದ ಬಂದಿರುವುದನ್ನು ಮೊದಲು ಗಮನಿಸಬೇಕು. ‘ವರ್ಷ’ವೆಂದರೆ ಮಳೆ, ಅದೇ ಸಂವತ್ಸರಕ್ಕೂ ಹೆಸರು. ವೇದಕಾಲದವರು ನೂರು ಶರತ್ತುಗಳನ್ನು ಬಾಳಬೇಕೆಂದು ಪ್ರಾರ್ಥಿಸುತ್ತಿದ್ದರು. ಕೆಲವೆಡೆ ‘ಹಿಮ’ವೆಂಬ ಶಬ್ದವೂ ವರ್ಷದ ಅರ್ಥದಲ್ಲಿ ಬರುವುದು. ತೈತ್ತಿರೀಯ ಸಂಹಿತೆಯಲ್ಲಿ ಹನ್ನೆರಡು ಮಾಸಗಳನ್ನು ಆರು ಋತುಗಳಿಗೆ ಎರಡೆರಡರಂತೆ ಹಂಚಿ ಹೆಸರಿಸಿದೆ. ಮಧು ಮಾಧವಗಳು ವಸಂತ, ಶುಕ್ರ ಶುಚಿಗಳು ಗ್ರೀಷ್ಮ, ನಭಸ್ ನಭಸ್ಯಗಳು ವರ್ಷಾ, ಇಷ ಊರ್ಜಗಳು ಶರತ್, ಸಹಸ್ ಸಹಸ್ಯಗಳು ಹೇಮಂತ, ತಪಸ್ ತಪಸ್ಯಗಳು ಶಿಶಿರ. ಈ ಹೆಸರುಗಳಲ್ಲಿ ನಕ್ಷತ್ರದ ಸೋಂಕಿಲ್ಲ; ಜೇನು, ಕಾಂತಿ, ಮೋಡ, ಸತ್ತ್ವ, ಬಲ, ತಾಪ ಮುಂತಾದ ಭೂಮ್ಯಾಕಾಶಗಳ ಗುಣಗಳೇ ಇವೆ. ಪಂಚಾಂಗವನ್ನು ನೋಡಿ ಋತುವನ್ನು ತಿಳಿಯುವ ಕಾಲ ಅದಲ್ಲ; ಋತುವನ್ನು ನೋಡಿ ಪಂಚಾಂಗವನ್ನು ಕಟ್ಟಿದ ಕಾಲ.

ಆ ಕಾಲದ ಶ್ರೌತಕರ್ಮಗಳಲ್ಲಿ ಚಾತುರ್ಮಾಸ್ಯಗಳೆಂಬುವು ಋತುಸಂಧಿಗೆ ನೇರವಾಗಿ ಸಂಬಂಧಿಸಿದವು. ವಸಂತಾರಂಭಕ್ಕೆ ವೈಶ್ವದೇವ, ಮಳೆಗಾಲದ ಆರಂಭಕ್ಕೆ ವರುಣಪ್ರಘಾಸ, ಮಳೆ ಕಳೆದ ಮೇಲೆ ಕಾರ್ತಿಕದಲ್ಲಿ ಸಾಕಮೇಧ, ಕಡೆಗೆ ಶುನಾಸೀರೀಯ—ಹೀಗೆ ನಾಲ್ಕು ಪರ್ವಗಳು. ಗೋಪಥ ಮತ್ತು ಕೌಷೀತಕಿ ಬ್ರಾಹ್ಮಣಗಳು ಇವುಗಳನ್ನು ಭೈಷಜ್ಯಯಜ್ಞಗಳೆಂದು, ಎಂದರೆ ಔಷಧರೂಪವಾದ ಯಜ್ಞಗಳೆಂದು ಕರೆದಿವೆ. ಋತುಗಳು ಕೂಡುವ ಎಡೆಗಳಲ್ಲಿಯೇ ವ್ಯಾಧಿಗಳು ಹುಟ್ಟುವುವು, ಆದುದರಿಂದ ಆ ಎಡೆಗಳಲ್ಲಿಯೇ ಅವುಗಳ ಶಮನವೂ ಆಗಬೇಕೆಂಬುದು ಅವುಗಳ ಅಭಿಪ್ರಾಯ.

ಈ ನಾಲ್ಕರಲ್ಲಿ ವರುಣಪ್ರಘಾಸವು ವಿಶೇಷ ವಿಚಾರಾರ್ಹವಾದುದು. ವರುಣನು ಋತದ ಒಡೆಯನು. ತಪ್ಪಿ ನಡೆದವರನ್ನು ಪಾಶದಿಂದ ಕಟ್ಟುವವನು. ಈ ಕರ್ಮದಲ್ಲಿ ಹುರಿದ ಯವದ ಹಿಟ್ಟಿನಿಂದ ಕರಂಭಪಾತ್ರಗಳೆಂಬ ಪುಟ್ಟ ಬಟ್ಟಲುಗಳನ್ನು ಮಾಡುವರು. ಮನೆಯ ಸಂತತಿಯ ಎಣಿಕೆಗಿಂತ ಅವು ಒಂದು ಹೆಚ್ಚಾಗಿರಬೇಕು. ಆ ಹೆಚ್ಚಿನ ಒಂದು ಇನ್ನೂ ಹುಟ್ಟದಿರುವ ಸಂತತಿಗಾಗಿ ಎಂದು ಶತಪಥ ಬ್ರಾಹ್ಮಣವು ವಿವರಿಸುತ್ತದೆ. ಪಾತ್ರಗಳನ್ನು ಹೋಮಿಸುವ ಮೊದಲು ಪ್ರತಿಪ್ರಸ್ಥಾತೃವೆಂಬ ಋತ್ವಿಜನು ಯಜಮಾನನ ಪತ್ನಿಯನ್ನು ಅವಳ ಶೀಲದ ವಿಷಯವಾಗಿ ಪ್ರಶ್ನಿಸುವನು. ತಪ್ಪಿದ್ದರೆ ಅವಳು ಬಾಯಿಬಿಟ್ಟು ಹೇಳಬೇಕು. ಹೇಳಿದ ಪಾಪವು ಸತ್ಯವಾಗುವುದರಿಂದ ಕಡಿಮೆಯಾಗುವುದೆಂದು ಅಲ್ಲಿ ಕಾರಣ ಕೊಟ್ಟಿದೆ. ಕರ್ಮದ ಕೊನೆಗೆ ದಂಪತಿಗಳು ಅವಭೃಥಕ್ಕಿಳಿದು ಸ್ನಾನಮಾಡಿ, ಉಟ್ಟ ಬಟ್ಟೆಗಳನ್ನು ತಮಗೆ ಇಷ್ಟವಾದವರಿಗೆ ಕೊಟ್ಟು ಬೇರೆ ಬಟ್ಟೆಗಳನ್ನುಡುವರು. ಹಾವು ಪೊರೆಯನ್ನು ಕಳಚುವಂತೆ ಪಾಪವನ್ನು ಕಳಚಿದುದಕ್ಕೆ ಇದು ಗುರುತು.

ತಪ್ಪನ್ನು ಹೇಳಿಕೊಂಡರೆ ಅದು ಸತ್ಯದ ಪಾಲಾಗಿ ತನ್ನ ಭಾರವನ್ನು ಕಳೆದುಕೊಳ್ಳುವುದೆಂಬ ಮಾತು ಅತ್ಯಂತ ಗಂಭೀರವಾದುದು. ನವೀಕರಣಕ್ಕೆ ಇದಕ್ಕಿಂತ ಒಳ್ಳೆಯ ಅಡಿಪಾಯವಿಲ್ಲ. ಆದರೂ ಅಲ್ಲಿ ಒಂದು ಕೊರತೆಯು ಕಾಣದಿರದು. ಪ್ರಶ್ನೆಯನ್ನು ಎದುರಿಸುವವಳು ಪತ್ನಿಯೊಬ್ಬಳೇ; ಯಜಮಾನನನ್ನು ಅದೇ ರೀತಿಯಲ್ಲಿ ನಿಲ್ಲಿಸಿ ಕೇಳುವವರು ಯಾರೂ ಇಲ್ಲ. ಮನೆಯಲ್ಲೆಲ್ಲ ಹೆಚ್ಚಿನ ಅಧಿಕಾರವುಳ್ಳವನು ಉತ್ತರ ಕೊಡುವ ಹೊಣೆಯಿಂದ ಹೊರಗುಳಿದನು. ಋತುಸಂಧಿಯ ಶೋಧನೆಯ ಚರಿತ್ರೆಯನ್ನು ಮುಂದೆ ನೋಡುತ್ತ ಹೋದಂತೆ, ಯಾರು ಯಾರನ್ನು ಕೇಳಬೇಕೆಂಬ ಈ ಒಂದು ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುವುದು.

ಯಜ್ಞವನ್ನು ಬಿಟ್ಟು ಹೊರಟ ಪರಿವ್ರಾಜಕರಿಗೂ ಋತುಧರ್ಮವು ತಪ್ಪಲಿಲ್ಲ. ಸಂನ್ಯಾಸಿಯು ಒಂದೆಡೆ ನಿಲ್ಲದೆ ಸಂಚರಿಸಬೇಕೆಂಬುದು ಸಾಮಾನ್ಯ ವಿಧಿ. ಮಳೆಗಾಲದಲ್ಲಿ ಮಾತ್ರ ಅವನು ನೆಲೆಯಾಗಿ ನಿಲ್ಲಬೇಕೆಂದು ಗೌತಮ ಬೋಧಾಯನರ ಧರ್ಮಸೂತ್ರಗಳು ವಿಧಿಸುತ್ತವೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಈ ನಿಯಮವು ಬಂದ ಬಗೆಯನ್ನು ಹೇಳಿದೆ. ಬುದ್ಧನು ರಾಜಗೃಹದ ವೇಣುವನದಲ್ಲಿದ್ದಾಗ, ಅವನ ಭಿಕ್ಷುಗಳು ಮಳೆಗಾಲದಲ್ಲಿಯೂ ತಿರುಗಾಡುತ್ತ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಿದ್ದಾರೆಂದು ಜನರು ಆಕ್ಷೇಪಿಸಿದರು. ಅನ್ಯಮತದ ಪರಿವ್ರಾಜಕರು ಕೂಡ ಮಳೆಯಲ್ಲಿ ನಿಲ್ಲುವರು, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ನಿಲ್ಲುವುವು, ಇವರು ಮಾತ್ರ ನಿಲ್ಲರು ಎಂದು ಅವರು ಆಡಿಕೊಂಡರಂತೆ. ಬುದ್ಧನು ಆ ಮಾತನ್ನು ಒಪ್ಪಿ ಮೂರು ತಿಂಗಳ ವರ್ಷಾವಾಸವನ್ನು ವಿಧಿಸಿದನು. ಆಷಾಢದ ಹುಣ್ಣಿಮೆಯ ಮರುದಿನವಾಗಲಿ, ಅದಕ್ಕೆ ಒಂದು ತಿಂಗಳ ಅನಂತರವಾಗಲಿ ಅದು ಆರಂಭವಾಗಬಹುದು. ನಿಯಮವು ಭಿಕ್ಷುಗಳ ಧ್ಯಾನದಿಂದ ಹುಟ್ಟಲಿಲ್ಲ, ಹೊರಗಿನ ಗೃಹಸ್ಥರ ದೂರಿನಿಂದ ಹುಟ್ಟಿತು ಎಂಬ ಅಂಶವು ಗಮನಾರ್ಹವಾಗಿದೆ. ಬುದ್ಧನೇ ದೂರನ್ನು ಕೇಳಿ ತಿದ್ದಿಕೊಂಡನು.

ಮಳೆಗಾಲವನ್ನು ಒಂದೆಡೆ ಕಳೆದ ಮಾತ್ರಕ್ಕೆ ಶೋಧನೆಯಾಗಲಾರದೆಂಬುದಕ್ಕೆ ಅದೇ ಗ್ರಂಥದ ಮುಂದಿನ ಪ್ರಕರಣವೇ ಸಾಕ್ಷಿ. ಕೋಸಲದೇಶದ ಕೆಲವು ಭಿಕ್ಷುಗಳು ತಮ್ಮೊಳಗೆ ಜಗಳ ಬಾರದಿರಲೆಂದು ಮೂರು ತಿಂಗಳೂ ಒಬ್ಬರೊಡನೊಬ್ಬರು ಮಾತನಾಡದೆ ಮೌನವಾಗಿದ್ದು, ಸುಖವಾಗಿ ಕಾಲ ಕಳೆದೆವೆಂದು ಬುದ್ಧನಲ್ಲಿಗೆ ಬಂದು ನಿವೇದಿಸಿದರು. ಅವನು ಮೆಚ್ಚಲಿಲ್ಲ. ಕುರಿಗಳು ಕೂಡಿರುವಂತೆ ಕೂಡಿದ್ದು ಸುಖವೆನ್ನುತ್ತಿರುವಿರೆಂದು ಗದರಿಸಿ, ವರ್ಷಾವಾಸದ ಕೊನೆಯ ದಿನ ‘ಪ್ರವಾರಣೆ’ಯನ್ನು ಮಾಡಬೇಕೆಂದು ಕಟ್ಟಳೆಯಿಟ್ಟನು. ಪ್ರವಾರಣೆಯೆಂದರೆ ಆಹ್ವಾನ. ಒಬ್ಬೊಬ್ಬ ಭಿಕ್ಷುವೂ ಸಂಘದ ಮುಂದೆ ಕೈಮುಗಿದು ಕುಳಿತು, ತನ್ನಲ್ಲಿ ಯಾವ ದೋಷವನ್ನಾದರೂ ಕಂಡಿದ್ದರೆ, ಕೇಳಿದ್ದರೆ, ಶಂಕಿಸಿದ್ದರೆ, ಅದನ್ನು ಕರುಣೆಯಿಂದ ಹೇಳಬೇಕು, ತಿಳಿದರೆ ತಿದ್ದಿಕೊಳ್ಳುವೆನು ಎಂದು ಮೂರು ಸಲ ಬೇಡುವನು. ಈ ಬೇಡಿಕೆಯನ್ನು ಮೊದಲು ಮಾಡತಕ್ಕವನು ಎಲ್ಲರಿಗಿಂತ ಹಿರಿಯನಾದ ಸ್ಥವಿರನು. ಕಿರಿಯರ ಸರದಿ ಅನಂತರ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಐನೂರು ಭಿಕ್ಷುಗಳ ನಡುವೆ ಬುದ್ಧನೇ ಮೊದಲು ಈ ಆಹ್ವಾನವನ್ನಿತ್ತು, ತನ್ನ ನಡೆನುಡಿಗಳಲ್ಲಿ ನಿಂದಿಸತಕ್ಕದ್ದೇನಾದರೂ ಉಂಟೇ ಎಂದು ಕೇಳಿದನೆಂದು ಸಂಯುತ್ತನಿಕಾಯದಲ್ಲಿದೆ. ವರುಣಪ್ರಘಾಸದಲ್ಲಿ ಉತ್ತರ ಕೊಡದೆ ಉಳಿದ ಯಜಮಾನನ ಸ್ಥಾನದಲ್ಲಿ ಇಲ್ಲಿ ಶಾಸ್ತೃವೇ ಕುಳಿತು ಪ್ರಶ್ನೆಯನ್ನು ಬರಮಾಡಿಕೊಂಡನು. ಪ್ರವಾರಣೆಯ ಬಳಿಕ ಗೃಹಸ್ಥರಿತ್ತ ಬಟ್ಟೆಯನ್ನು ಭಿಕ್ಷುಗಳು ಕೂಡಿ ಹೊಲಿದು ಚೀವರ ಮಾಡುವ ‘ಕಠಿನ’ವೆಂಬ ಆಚಾರವುಂಟು. ಮೊದಲು ಮಾತಿನ ಶೋಧನೆ, ಆಮೇಲೆ ಹೊಸ ಬಟ್ಟೆ ಎಂಬ ಕ್ರಮವು ಅರ್ಥಗರ್ಭಿತವಾಗಿದೆ.

ಜೈನರಲ್ಲಿಯೂ ಮಳೆಗಾಲವು ಇದೇ ಪರಿಯ ಪುಣ್ಯಕಾಲ. ಮಹಾವೀರನ ಚರಿತ್ರೆಯನ್ನು ಹೇಳುವ ಕಲ್ಪಸೂತ್ರವು ಅವನ ತಪೋಜೀವನವನ್ನು ನಲವತ್ತೆರಡು ಮಳೆಗಾಲಗಳಾಗಿ ಎಣಿಸಿಕೊಟ್ಟಿದೆ. ರಾಜಗೃಹ ನಾಲಂದೆಗಳಲ್ಲಿ ಹದಿನಾಲ್ಕು, ವೈಶಾಲಿ ವಾಣಿಜ್ಯಗ್ರಾಮಗಳಲ್ಲಿ ಹನ್ನೆರಡು, ಮಿಥಿಲೆಯಲ್ಲಿ ಆರು, ಹೀಗೆ ಮುಂದುವರಿದು ಕಡೆಯದು ಪಾವಾಪುರಿಯಲ್ಲಿ. ಮಳೆಗಾಲದ ಒಂದು ತಿಂಗಳು ಇಪ್ಪತ್ತು ದಿನಗಳು ಕಳೆದ ಮೇಲೆ ಅವನು ಪರ್ಯುಷಣಕ್ಕೆ ತೊಡಗಿದನೆಂದು ಹೇಳಿ, ಅಷ್ಟು ತಡವೇಕೆಂಬುದಕ್ಕೆ ಆ ಗ್ರಂಥವು ಕೊಡುವ ಕಾರಣವು ಸ್ವಾರಸ್ಯವಾಗಿದೆ. ಅಷ್ಟು ಹೊತ್ತಿಗೆ ಗೃಹಸ್ಥರು ತಮ್ಮ ಮನೆಗಳಿಗೆ ಚಾಪೆ ಕಟ್ಟಿ, ಸುಣ್ಣ ಬಳಿದು, ಸಾರಿಸಿ, ನೆಲವನ್ನು ಮಟ್ಟಮಾಡಿ, ನೀರು ಹರಿಯಲು ಕಾಲುವೆಗಳನ್ನು ತೋಡಿಕೊಂಡಿರುವರಂತೆ. ಯತಿಯ ನಿಮಿತ್ತವಾಗಿ ಇವನ್ನೆಲ್ಲ ಮಾಡಬೇಕಾದ ಹೊರೆಯು ಗೃಹಸ್ಥರಿಗೆ ಬಾರದಿರಲೆಂಬುದೇ ತಾತ್ಪರ್ಯ. ಮಳೆಗಾಲದಲ್ಲಿ ಜಗಳವೇನಾದರೂ ಬಂದರೆ ಕಿರಿಯನು ಹಿರಿಯನನ್ನೂ ಹಿರಿಯನು ಕಿರಿಯನನ್ನೂ ಕ್ಷಮೆ ಬೇಡಬೇಕೆಂದು, ಶಮವೇ ಶ್ರಾಮಣ್ಯದ ಸಾರವೆಂದು ಅಲ್ಲಿಯೇ ವಿಧಿಸಿದೆ. ಕರ್ನಾಟಕದಲ್ಲಿ ಹೆಚ್ಚಾಗಿರುವ ದಿಗಂಬರ ಜೈನರು ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನಾಚರಿಸುವರು. ಆ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವವು ಮುಗಿದ ಮೇಲೆ ಒಬ್ಬರನ್ನೊಬ್ಬರು ಕ್ಷಮೆ ಬೇಡುವ ಕ್ಷಮಾವಣಿ.

ಯತಿಗಳಲ್ಲಿ ಹೀಗಿರಲು, ರಾಜ್ಯಾಡಳಿತವನ್ನೂ ಋತುಪರ್ವಗಳಿಗೆ ಕಟ್ಟಿದವನು ಅಶೋಕನು. ಕ್ರಿಸ್ತಪೂರ್ವ ೩ನೆಯ ಶತಮಾನದ ಅವನ ಸ್ತಂಭಶಾಸನವೊಂದರಲ್ಲಿ ಚಾತುರ್ಮಾಸಿಯ ಹುಣ್ಣಿಮೆಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದೆ. ಕಳಿಂಗದ ಪ್ರತ್ಯೇಕ ಶಾಸನಗಳಲ್ಲಿ ಒಂದು ನಗರದ ನ್ಯಾಯಾಧಿಕಾರಿಗಳನ್ನುದ್ದೇಶಿಸಿದುದು. ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಆಲಸ್ಯ, ಬಳಲಿಕೆ ಎಂಬ ದೋಷಗಳಿಂದ ಮಧ್ಯಸ್ಥಭಾವವು ಕೆಡುವುದೆಂದು ಅವನು ಒಂದೊಂದಾಗಿ ಹೆಸರಿಸಿ, ಈ ಲಿಪಿಯನ್ನು ತಿಷ್ಯಾ ನಕ್ಷತ್ರದ ದಿನ ಓದಿಸಿ ಕೇಳಬೇಕೆಂದು, ನಡುವೆ ಒಬ್ಬನೇ ಇದ್ದರೂ ಕೇಳಬಹುದೆಂದು ಆಜ್ಞಾಪಿಸಿರುವನು. ಇನ್ನೊಂದು ಶಾಸನವನ್ನು ನಾಲ್ಕು ತಿಂಗಳಿಗೊಮ್ಮೆ ತಿಷ್ಯಾ ನಕ್ಷತ್ರದಲ್ಲಿ ಕೇಳಬೇಕೆಂದಿದೆ. ಈ ಎರಡು ಪ್ರತ್ಯೇಕ ಶಾಸನಗಳ ಪ್ರತಿಯು ಕಳಿಂಗದಿಂದ ಬಹುದೂರದಲ್ಲಿರುವ ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿಯೂ ೧೯೮೦ರ ದಶಕದಲ್ಲಿ ದೊರೆಯಿತು. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯೇ ಆ ಶಾಸನಶಿಲೆಯಾಗಿದ್ದಿತು. ದಂಡಿಸುವ ಅಧಿಕಾರವುಳ್ಳವನು ಗೊತ್ತಾದ ದಿನದಂದು ತನ್ನ ದೋಷಗಳ ಪಟ್ಟಿಯನ್ನು ಕಿವಿಯಾರೆ ಕೇಳಬೇಕೆಂಬ ಈ ಏರ್ಪಾಡು, ಅರಸನು ಮಾಡಿದ ಪ್ರವಾರಣೆಯೆಂದೇ ಹೇಳಬಹುದು.

ವಿದ್ಯಾಭ್ಯಾಸಕ್ಕೂ ಇಂತಹ ಸಂಧಿಗಳಿದ್ದುವು. ಶ್ರಾವಣದಲ್ಲಿ ಅಥವಾ ಭಾದ್ರಪದದಲ್ಲಿ ಉಪಾಕರ್ಮವನ್ನು ಮಾಡಿ ನಾಲ್ಕೂವರೆ ತಿಂಗಳು ವೇದವನ್ನಧ್ಯಯನ ಮಾಡಬೇಕು. ಪುಷ್ಯದಲ್ಲಿ ಅಥವಾ ಮಾಘ ಶುದ್ಧದ ಮೊದಲ ದಿನ ಊರ ಹೊರಗೆ ಉತ್ಸರ್ಜನ ಮಾಡಬೇಕು. ಬಳಿಕ ಶುಕ್ಲಪಕ್ಷದಲ್ಲಿ ವೇದ, ಕೃಷ್ಣಪಕ್ಷದಲ್ಲಿ ವೇದಾಂಗಗಳು ಎಂದು ಮನುವು ವಿಧಿಸಿರುವನು. ಉತ್ಸರ್ಜನವೆಂದರೆ ಬಿಡುವುದು. ಓದನ್ನು ಕ್ರಮವಾಗಿ ಬಿಟ್ಟವನಿಗೆ ಮಾತ್ರ ಅದನ್ನು ಕ್ರಮವಾಗಿ ಮತ್ತೆ ತೊಡಗುವ ಅಧಿಕಾರ. ಇಂದು ಉಪಾಕರ್ಮವು ಉಳಿದಿದೆ, ಆ ದಿನ ಹೊಸ ಯಜ್ಞೋಪವೀತವನ್ನು ಧರಿಸುವ ಸಂಭ್ರಮವೂ ಉಳಿದಿದೆ. ಪುಷ್ಯದ ಉತ್ಸರ್ಜನವು ಬಹುಮಟ್ಟಿಗೆ ಮರೆಯಾಗಿದೆ. ತೈತ್ತಿರೀಯ ಶಾಖೆಯವರಲ್ಲಿ ಅನೇಕರು ಉಪಾಕರ್ಮದಂದು ಮೊದಲು ಮಾಡುವ ಒಂದು ಜಪವು ಆ ಉತ್ಸರ್ಜನವನ್ನು ಮಾಡದೆ ಹೋದುದಕ್ಕೆ ಪ್ರಾಯಶ್ಚಿತ್ತವೆಂದು ಸಂಕಲ್ಪದಲ್ಲಿಯೇ ಹೇಳಿದೆ. ಬಿಡದೆ ಇದ್ದುದೇ ದೋಷವೆಂದು ಪರಿಗಣಿಸಿ ಅದಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸಿದ ಪೂರ್ವಿಕರ ಸೂಕ್ಷ್ಮದೃಷ್ಟಿಯು ಮನನಯೋಗ್ಯವಾದುದು. ತೊಡಗುವುದರಲ್ಲಿ ಎಲ್ಲರಿಗೂ ಉತ್ಸಾಹ. ಇಳಿಸಿಡುವುದನ್ನು ಯಾರೂ ನೆನೆಯರು.

ಇನ್ನು ಶರೀರದ ವಿಚಾರ. ಆಯುರ್ವೇದವು ಋತುಸಂಧಿಯನ್ನು ನಿಖರವಾಗಿ ಅಳೆದಿದೆ. ಮುಗಿಯುವ ಋತುವಿನ ಕಡೆಯ ಏಳು ದಿನಗಳು, ಬರುವ ಋತುವಿನ ಮೊದಲ ಏಳು ದಿನಗಳು, ಒಟ್ಟು ಹದಿನಾಲ್ಕು ದಿನಗಳು ಋತುಸಂಧಿಯೆಂದು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಆ ದಿನಗಳಲ್ಲಿ ಹಿಂದಿನ ಋತುವಿನ ಆಹಾರವಿಹಾರಗಳನ್ನು ಮೆಲ್ಲಮೆಲ್ಲನೆ ಬಿಟ್ಟು ಮುಂದಿನವನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಒಮ್ಮೆಲೇ ಬಿಟ್ಟು ಒಮ್ಮೆಲೇ ಹಿಡಿದರೆ ಅದರಿಂದಲೇ ರೋಗವು ಬರುವುದು. ಚರಕನು ಈ ತತ್ತ್ವವನ್ನು ದುರಭ್ಯಾಸಗಳಿಗೂ ಅನ್ವಯಿಸಿರುವನು. ಕೆಟ್ಟ ರೂಢಿಯನ್ನು ಕಾಲುಕಾಲು ಭಾಗವಾಗಿ, ನಡುನಡುವೆ ಒಂದೆರಡು ದಿನಗಳ ಅಂತರವಿಟ್ಟು ಬಿಡುತ್ತ, ಒಳ್ಳೆಯದನ್ನು ಹಾಗೆಯೇ ಹಿಡಿಯುತ್ತ ಬರಬೇಕು. ಕ್ರಮದಿಂದ ಹೋದ ದೋಷವು ಮರಳಿ ಬರುವುದಿಲ್ಲ, ಕ್ರಮದಿಂದ ಬಂದ ಗುಣವು ಅಲುಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಶರೀರದಲ್ಲಿ ಕೂಡಿದ ದೋಷಗಳನ್ನು ಚೈತ್ರ, ಶ್ರಾವಣ, ಮಾರ್ಗಶಿರಗಳಲ್ಲಿ ಹೊರಹಾಕಬೇಕೆಂದೂ ಅವನು ಹೇಳುವನು. ಈ ಮೂರು ತಿಂಗಳುಗಳ ನಡುವಣ ಅಂತರವು ನಾಲ್ಕು ನಾಲ್ಕು ತಿಂಗಳು. ಯಜ್ಞ, ರಾಜಾಜ್ಞೆ, ವೈದ್ಯ ಮೂರರಲ್ಲಿಯೂ ಅದೇ ಅಳತೆಯು ಕಾಣಬರುವುದು ಆಶ್ಚರ್ಯಕರ. ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಲೆಕ್ಕ ನೋಡದೆ ಬಿಟ್ಟ ಬಾಳಿನಲ್ಲಿ ಕಸವು ಗಟ್ಟಿಯಾಗುವುದೆಂದು ಅವರೆಲ್ಲರೂ ಕಂಡಿರಬೇಕು.

ಗೃಹಸ್ಥರ ಚಾತುರ್ಮಾಸ್ಯವ್ರತದಲ್ಲಿ ಈ ಎಳೆಗಳೆಲ್ಲ ಕೂಡಿಕೊಂಡಿವೆ. ಆಷಾಢ ಶುದ್ಧ ಏಕಾದಶಿಗೆ ವಿಷ್ಣುವು ಮಲಗಿ ಕಾರ್ತಿಕ ಶುದ್ಧ ದ್ವಾದಶಿಗೆ ಏಳುವನೆಂಬ ನಂಬಿಕೆಯ ನಡುವಣ ಕಾಲದಲ್ಲಿ, ಮೊದಲ ತಿಂಗಳು ಶಾಕವನ್ನೂ, ಎರಡನೆಯದರಲ್ಲಿ ಮೊಸರನ್ನೂ, ಮೂರನೆಯದರಲ್ಲಿ ಹಾಲನ್ನೂ, ನಾಲ್ಕನೆಯದರಲ್ಲಿ ದ್ವಿದಳಧಾನ್ಯಗಳನ್ನೂ ಬಿಡುವ ಸಂಪ್ರದಾಯವು ಕರ್ನಾಟಕದ ಮಾಧ್ವ ಮನೆತನಗಳಲ್ಲಿ ಇಂದಿಗೂ ನಡೆಯುತ್ತಿದೆ. ನಾಲ್ಕು ವಸ್ತುಗಳನ್ನು ನಾಲ್ಕು ಕಂತುಗಳಲ್ಲಿ ಬಿಡುವ ಈ ಕ್ರಮವನ್ನು ನೋಡಿದರೆ ಚರಕನ ಕಾಲುಭಾಗದ ನಿಯಮವು ನೆನಪಿಗೆ ಬರುವುದು. ಆದರೆ ಒಂದು ವ್ಯತ್ಯಾಸವುಂಟು. ಹೊಟ್ಟೆಗೆ ಸಂಬಂಧಿಸಿದ ನಿಯಮವು ಅಡಿಗೆಮನೆಯಲ್ಲಿ ಭದ್ರವಾಗಿ ಉಳಿಯಿತು. ನಾಲಗೆಗೂ ಮನಸ್ಸಿಗೂ ಸಂಬಂಧಿಸಿದ ಪ್ರವಾರಣೆಯು ಗೃಹಸ್ಥರ ಮನೆಗೆ ಬರಲಿಲ್ಲ. ಪದಾರ್ಥಗಳ ಪಟ್ಟಿಯನ್ನು ನೆನಪಿಟ್ಟು ಪಾಲಿಸುವ ಭಾರವು ಹೆಂಗಸರ ಮೇಲೆ ಬಿದ್ದಿತು. ಊಟಕ್ಕೆ ಕುಳಿತವನಿಗೆ ವ್ರತದ ಪುಣ್ಯವು ಸುಲಭವಾಗಿ ಬಂದಿತು.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಯತಿಯು ನಿಂತಾಗ ಒಕ್ಕಲಿಗನು ನಿಂತಿರಲಿಲ್ಲ. ಉತ್ತು, ಬಿತ್ತಿ, ಕಳೆ ಕೀಳುವ ದುಡಿಮೆಯೆಲ್ಲ ಅದೇ ತಿಂಗಳುಗಳದು. ಯತಿಯ ಭಿಕ್ಷಾಪಾತ್ರೆಗೆ ಬಿದ್ದ ಅನ್ನವು ಆ ದುಡಿಮೆಯ ಫಲ. ಕನ್ನಡ ನಾಡಿನ ರೈತನು ಮಳೆಯನ್ನು ತಿಂಗಳಿನ ಹೆಸರಿನಿಂದ ಗುರುತಿಸದೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಸೂರ್ಯನಿರುವ ನಕ್ಷತ್ರದಿಂದ ಗುರುತಿಸುವನು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನಗಳು. ವಾಗ್ಭಟನು ಋತುಸಂಧಿಗೆ ಕೊಟ್ಟುದೂ ಹೆಚ್ಚು ಕಡಿಮೆ ಅಷ್ಟೇ ದಿನಗಳು. ರೈತನ ಪರ್ವಗಳು ದುಡಿಮೆಯ ಸಂದುಗಳಲ್ಲಿ ಬರುವುವು. ಜ್ಯೇಷ್ಠದ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವುದು, ಅದೇ ತಿಂಗಳ ಅಮಾವಾಸ್ಯೆಗೆ ಮಣ್ಣೆತ್ತುಗಳನ್ನು ಮಾಡಿ ಪೂಜಿಸುವುದು ಉತ್ತರ ಕರ್ನಾಟಕದ ಪದ್ಧತಿ. ಕೊಡಗಿನಲ್ಲಿ ಬೇಸಾಯದ ದಿನಗಳಲ್ಲಿ ಆಯುಧಗಳನ್ನು ಒಳಗಿರಿಸಿ, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಲ್ಲಿ ಅವನ್ನು ಹೊರತೆಗೆದು ಪೂಜಿಸುವರು. ಹೊಸ ಬತ್ತದ ಕದಿರನ್ನು ಮನೆಗೆ ತರುವುದು ಹುತ್ತರಿಯಲ್ಲಿ. ದುಡಿಯುವವನಿಗೆ ಬಿಡುವು ದೊರೆತಾಗಲೇ ಅವನ ಸಂಧಿ. ಶಾಸ್ತ್ರದ ತಿಥಿಯನ್ನು ಅವನ ಮೇಲೆ ಹೇರುವುದು ಸಲ್ಲದು.

ಮಳೆಯ ನಡುವೆ ಕಹಿಯನ್ನು ಸೇವಿಸುವ ಆಚಾರವೂ ಈ ನಾಡಿನಲ್ಲುಂಟು. ತುಳುನಾಡಿನವರು ಆಟಿ ಅಮಾವಾಸ್ಯೆಯಂದು ಬೆಳಗಾಗುವ ಮೊದಲೇ ಹಾಲೆಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದು ತಂದು ಕಷಾಯ ಮಾಡಿ ಕುಡಿಯುವರು. ಕೊಡಗಿನವರು ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಿಂದ ಪಾಯಸ ಮಾಡುವರು. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದುಗಳು ಸೇರಿರುವುವೆಂದು ನಂಬುಗೆ. ಯುಗಾದಿಯ ಬೇವುಬೆಲ್ಲವಂತೂ ಎಲ್ಲರಿಗೂ ತಿಳಿದುದೇ. ಇವೆಲ್ಲ ಶರೀರದ ಶೋಧನೆಗಳು. ಮನಸ್ಸಿನ ಶೋಧನೆಗೆ ಸಮೀಪವಾದುವು ಬೇರೆ ಎರಡು. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲವನ್ನು ಹಂಚಿ ಒಳ್ಳೆಯ ಮಾತನ್ನಾಡಬೇಕೆಂದು ಕೇಳಿಕೊಳ್ಳುವುದೊಂದು. ಶರದೃತುವಿನ ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಬನ್ನಿಯ ಎಲೆಗಳನ್ನು ಬಂಗಾರವೆಂದು ಕೊಟ್ಟು ತೆಗೆದುಕೊಂಡು ಹಳೆಯ ವೈಮನಸ್ಯವನ್ನು ಮರೆಯುವುದೊಂದು. ಗೃಹಸ್ಥರಲ್ಲಿ ಉಳಿದ ಕ್ಷಮಾಪಣೆಯ ರೂಪಗಳು ಇವು. ಆದರೆ ಬನ್ನಿಯನ್ನು ಕೊಡುವಾಗ ಕಿರಿಯರು ಹಿರಿಯರ ಕಾಲಿಗೆರಗುವುದು ರೂಢಿ. ಹಿರಿಯರು ಆಶೀರ್ವದಿಸುವರಲ್ಲದೆ, ತಮ್ಮಿಂದಾದ ನೋವನ್ನು ಕೇಳಿ ತಿಳಿದುಕೊಳ್ಳುವ ಪದ್ಧತಿಯಿಲ್ಲ. ಪ್ರವಾರಣೆಯು ಹಿರಿಯನಿಂದ ಆರಂಭವಾಗುತ್ತಿದ್ದುದನ್ನು ನೆನೆದಾಗ ಈ ಕೊರತೆಯು ಎದ್ದು ಕಾಣುವುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಪಂಚಾಂಗದ ತಿಥಿಗೂ ಆಕಾಶದ ಋತುವಿಗೂ ಈಗ ಹೊಂದಿಕೆಯೆಲ್ಲಿದೆ? ಮಕರಸಂಕ್ರಾಂತಿಯನ್ನು ಜನವರಿ ೧೪ ಅಥವಾ ೧೫ರಂದು ಆಚರಿಸುವರು. ಸೂರ್ಯನು ಉತ್ತರಕ್ಕೆ ತಿರುಗುವುದಾದರೋ ಡಿಸೆಂಬರ್ ೨೧ ಅಥವಾ ೨೨ರಂದೇ. ನಕ್ಷತ್ರವನ್ನನುಸರಿಸುವ ವರ್ಷವು ಋತುವನ್ನನುಸರಿಸುವ ವರ್ಷಕ್ಕಿಂತ ಸುಮಾರು ೨೦ ನಿಮಿಷ ದೊಡ್ಡದಾದುದರಿಂದ, ಸುಮಾರು ೭೦ ವರ್ಷಗಳಿಗೊಂದು ದಿನದಂತೆ ಈ ಅಂತರವು ಬೆಳೆಯುತ್ತ ಬಂದಿದೆ. ಇದು ಪೂರ್ವಿಕರಿಗೆ ತಿಳಿಯದ ವಿಷಯವಲ್ಲ. ಕ್ರಿಸ್ತಶಕ ೬ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ಹಿಂದಣ ಶಾಸ್ತ್ರಗಳ ಪ್ರಕಾರ ಉತ್ತರಾಯಣವು ಧನಿಷ್ಠೆಯ ಆದಿಯಲ್ಲಿ ಬರುತ್ತಿದ್ದಿತು, ಈಗ ಮಕರಾದಿಯಲ್ಲಿ ಬರುತ್ತಿದೆ, ವ್ಯತ್ಯಾಸವನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿಯಬೇಕು ಎಂದು ಸ್ಪಷ್ಟವಾಗಿ ಹೇಳಿರುವನು. ಸ್ವತಂತ್ರ ಭಾರತದ ಸರ್ಕಾರವು ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗಸುಧಾರಣ ಸಮಿತಿಯನ್ನು ನೇಮಿಸಿತು. ಸಮಿತಿಯು ೧೯೫೫ರಲ್ಲಿ ವರದಿಯನ್ನೊಪ್ಪಿಸಲು, ವಿಷುವದ ಮರುದಿನವನ್ನು ಚೈತ್ರದ ಮೊದಲ ದಿನವನ್ನಾಗಿ ಮಾಡಿದ ರಾಷ್ಟ್ರೀಯ ಪಂಚಾಂಗವು ೧೯೫೭ರ ಮಾರ್ಚ್ ೨೨ರಿಂದ ಜಾರಿಗೆ ಬಂದಿತು. ಅದು ಸರ್ಕಾರದ ಕಾಗದಪತ್ರಗಳಲ್ಲಿ ಉಳಿಯಿತೇ ಹೊರತು ಮನೆಗಳನ್ನು ಹೊಗಲಿಲ್ಲ. ಅದೇನೇ ಇರಲಿ, ವರಾಹಮಿಹಿರನ ಮಾತು ಗಣಿತಕ್ಕೆ ಮಾತ್ರವಲ್ಲದೆ ಬಾಳಿಗೂ ಸಲ್ಲುವಂತಹುದು. ಗೋಡೆಗೆ ತೂಗಹಾಕಿದ ದಿನದರ್ಶಿಕೆಯಲ್ಲಿ ಹಾಳೆ ತಿರುಗಿದ ಮಾತ್ರಕ್ಕೆ ಮನುಷ್ಯನು ಹೊಸಬನಾಗುವುದಿಲ್ಲ. ತನ್ನೊಳಗೆ ಅಯನವು ನಿಜವಾಗಿ ತಿರುಗಿದೆಯೇ ಎಂಬುದನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಬೇಕು. ಆ 
ಪರೀಕ್ಷೆಯನ್ನು ತಾನೊಬ್ಬನೇ ಮಾಡಿಕೊಳ್ಳಲಾರನು. ಬೆನ್ನನ್ನು ತಾನೇ ನೋಡಿಕೊಂಡವರುಂಟೆ?

ಇದುವರೆಗೆ ಹೇಳಿದುದರ ನಿಷ್ಕರ್ಷೆ ಇಷ್ಟು. ಋತುಸಂಧಿಯ ಶೋಧನೆಗೆ ಪೂರ್ವಿಕರು ನಾಲ್ಕು ಅಂಗಗಳನ್ನು ಕಲ್ಪಿಸಿದ್ದರು: ನಿಲ್ಲುವುದು, ಕೇಳುವುದು, ಬಿಡುವುದು, ಮರಳಿ ತೊಡಗುವುದು. ನಿಲ್ಲುವುದಕ್ಕೆ ವರ್ಷಾವಾಸವೂ, ಕೇಳುವುದಕ್ಕೆ ಪ್ರವಾರಣೆಯೂ, ಬಿಡುವುದಕ್ಕೆ ಉತ್ಸರ್ಜನವೂ ವೈದ್ಯರ ಪಾದಕ್ರಮವೂ, ತೊಡಗುವುದಕ್ಕೆ ಉಪಾಕರ್ಮವೂ ಯುಗಾದಿಯೂ ಇದ್ದುವು. ನಾಲ್ಕರಲ್ಲಿ ತೊಡಗುವುದು ಸುಲಭವಾದುದರಿಂದ ಅದು ಹಬ್ಬವಾಗಿ ಉಳಿಯಿತು. ಬಿಡುವುದು ಅಡಿಗೆಯ ನಿಯಮವಾಗಿ ಅರ್ಧ ಉಳಿಯಿತು. ನಿಲ್ಲುವುದು ಮಠಗಳಲ್ಲಿ ಉಳಿಯಿತು. ಕೇಳುವುದು ಮಾತ್ರ, ಅದರಲ್ಲಿಯೂ ಹಿರಿಯನು ಕಿರಿಯನನ್ನು ಕೇಳುವುದು, ಗೃಹಸ್ಥರ ಮನೆಗಳಿಂದ ಮರೆಯಾಯಿತು. ಉಳಿದ ಮೂರಕ್ಕೂ ಜೀವವನ್ನು ಕೊಡತಕ್ಕುದು ಅದೇ.

ಇದನ್ನು ಮತ್ತೆ ತರುವುದಕ್ಕೆ ಯಜ್ಞವೂ ಬೇಡ, ಸಂನ್ಯಾಸವೂ ಬೇಡ. ಯುಗಾದಿ, ಆಷಾಢ, ಕಾರ್ತಿಕ ಎಂಬ ಮೂರು ಸಂಧಿಗಳಲ್ಲಿ ಒಂದು ಸಂಜೆ ಮನೆಯ ಯಜಮಾನನು ಹೆಂಡತಿ ಮಕ್ಕಳನ್ನೂ ಸೊಸೆಯಂದಿರನ್ನೂ ಮನೆಗೆಲಸದವರನ್ನೂ ಕರೆದು ಕೂಡಿಸಿಕೊಂಡು, ಕಳೆದ ನಾಲ್ಕು ತಿಂಗಳಲ್ಲಿ ತನ್ನ ನಡೆಯಿಂದ ಯಾರಿಗೆ ಏನು ನೋವಾಯಿತೆಂದು ಕೇಳಿ, ಸಮಾಧಾನ ಹೇಳದೆ, ಕಾರಣ ಕೊಡದೆ, ಕೇಳಿದುದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಮೊದಲ ಸಲ ಯಾರೂ ಬಾಯಿಬಿಡದಿರಬಹುದು. ಬಹುಕಾಲ ಮುಚ್ಚಿದ ಬಾಗಿಲು ಒಂದೇ ಸಲಕ್ಕೆ ತೆರೆಯದು. ಎರಡನೆಯ ಸಂಧಿಯಲ್ಲಿ ಮಗುವೊಂದು ಏನಾದರೂ ಹೇಳೀತು. ಹೇಳಿದ ಮಗುವಿಗೆ ಮರುದಿನ ಗದರಿಕೆ ಬೀಳದಿದ್ದರೆ ಮೂರನೆಯ ಸಂಧಿಯಲ್ಲಿ ದೊಡ್ಡವರೂ ಹೇಳುವರು. ಆಗ ಆ ಮನೆಯಲ್ಲಿ ಋತುವು ನಿಜವಾಗಿ ತಿರುಗಿತೆಂದು ತಿಳಿಯಬಹುದು.